ಒಂದೇ ದೋಣಿಯಲ್ಲಿ ಎರಡು ದಿಬ್ಬಣ

ಬಚ್ಚ ಶೇರಿಗಾರರು ಬೊಂಬಾಯಿ ಬಿಟ್ಟು ಊರಿಗೆ ಬಂದದ್ದು ೧೯೪೨ರಲ್ಲಿ, ದೀಪಾವಳಿಗೆ ಒಂದು ವಾರ ಇರುವಾಗ. ಆಗ ಅವರಿಗೆ ನಲವತ್ತಾರು ವರ್ಷ. ಕುಂದಾಪುರದಲ್ಲಿ ಬಸ್ಸಿನಿಂದ ಇಳಿದವರಿಗೆ ಒಂದು ತಗಡಿನ ಟ್ರಂಕನ್ನು ಹೊತ್ತು ತಂಗಿಯ ಮನೆಯವರೆಗೆ ನಡೆಯುವಷ್ಟು ಉಸಿರು ಇರಲಿಲ್ಲ. ಟ್ರಂಕನ್ನು ರಸ್ತೆಯ ಬದಿಗಿಟ್ಟು ಅದರ ಮೇಲೆಯೇ ಕುಳಿತುಬಿಟ್ಟರು. ಗುರುತಿನವರೊಬ್ಬರು ಹೋಗಿ ಹೇಳಿದ ಮೇಲೆ ತಂಗಿ ಅಕ್ಕು ಬಂದಳು. ಟ್ರಂಕನ್ನು ತಲೆಯ ಮೇಲಿಟ್ಟುಕೊಂಡು, ಅಣ್ಣನನ್ನು ನಿಧಾನ ಬರಲು ಬಿಟ್ಟು, ತಾನು ಮುಂದೆ ನಡೆದಳು.

ಮನೆಯಲ್ಲಿ ತೆರೆದು ನೋಡಿದರೆ ಎರಡು ಅಂಗಿ, ಒಂದು ಪಂಚೆ. ಉಳಿದದ್ದೆಲ್ಲ ಕಬ್ಬಿಣ: ಉದ್ದ ಹಿಡಿಯ ಒಂದು ಕೀಲಿ, ಇಕ್ಕಳಗಳು, ತಂತಿಯ ಸುರುಳಿ, ಎರಡು ಕವಲಿನ ಒಂದು ಉಕ್ಕಿನ ಕಡ್ಡಿ. ಕೆಳಗೆ ಕೆಂಪು ಉಣ್ಣೆಬಟ್ಟೆಯ ತುಂಡುಗಳು.

"ಇದೆಂತ ಅಣ್ಣಯ್ಯ, ಕಮ್ಮಾರ್ರ ಸಾಮಾನಾ?"

"ಪಿಯಾನೊ ಶ್ರುತಿ ಮಾಡುದ್."

"ಇಲ್ ಯಾರತ್ರ ಇತ್ತ್ ಅದ್?"

"ಯಾರತ್ರವೂ ಇಲ್ಲೆ" ಎಂದು ಅವರು ಗೋಡೆಗೆ ಒರಗಿ ಕಣ್ಣು ಮುಚ್ಚಿದರು.

ಅವರದು ಹಟ್ಟಿಯಂಗಡಿಯ ಶೇರಿಗಾರರ ಮನೆ. ದೇವಸ್ಥಾನದಲ್ಲೂ ಮದುವೆಮನೆಗಳಲ್ಲೂ ವಾದ್ಯ ನುಡಿಸುವವರು. ತಂದೆ ವೆಂಕಟ ಶೇರಿಗಾರರ ನಾಗಸ್ವರ ಕೇಳಿದವರು ಅದನ್ನು ಬೇಗ ಮರೆಯುತ್ತಿರಲಿಲ್ಲ. ಆ ಮನೆಯಲ್ಲಿ ಗಂಡು ಹುಟ್ಟಿದರೆ ಮುಂದೇನು ಎಂದು ಯಾರೂ ಕೇಳುವ ಕ್ರಮವಿರಲಿಲ್ಲ. ಆದರೆ ಬಚ್ಚನಿಗೆ ಏಳನೆಯ ವರ್ಷಕ್ಕೆ ಉಬ್ಬಸ ಹಿಡಿಯಿತು. ವಾಲಗ ಊದಿದರೆ ಎರಡು ಸ್ವರಕ್ಕೇ ಮುಖ ನೀಲಿಗಟ್ಟುತ್ತಿತ್ತು. ಹದಿಮೂರನೆಯ ವರ್ಷದವರೆಗೆ ನೋಡಿದ ತಂದೆ ಒಂದು ದಿನ ಅವನ ಕೈಯಿಂದ ವಾದ್ಯವನ್ನು ತೆಗೆದುಕೊಂಡು, ಬಟ್ಟೆಯಲ್ಲಿ ಸುತ್ತಿ, ಅಟ್ಟದ ಮೇಲಿಟ್ಟರು. ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಆ ವರ್ಷವೇ ಹುಡುಗ ಹೋಟೆಲಿನವರೊಬ್ಬರ ಜತೆ ಗಂಗೊಳ್ಳಿಯಿಂದ ಹಡಗು ಹತ್ತಿದ.

ಬೊಂಬಾಯಿಯಲ್ಲಿ ಐದು ವರ್ಷ ಲೋಟ ತೊಳೆದ ಮೇಲೆ ಧೋಬಿ ತಲಾವಿನ ಒಂದು ಓಣಿಯಲ್ಲಿ ಪಾಸ್ಕೊಲ್ ಮೇಸ್ತ್ರಿ ಎಂಬ ಗೋವೆಯವರ ಪಿಯಾನೊ ರಿಪೇರಿಯ ಶೆಡ್ಡಿಗೆ ಕಸ ಗುಡಿಸಲು ಸೇರಿದ. ಒಂದು ದಿನ ಮೇಸ್ತ್ರಿ ತಂತಿ ಬಿಗಿಯುತ್ತಿದ್ದಾಗ, ಗುಡಿಸುತ್ತಿದ್ದವನು ಹಿಡಿಸೂಡಿ ನಿಲ್ಲಿಸಿ ಮುಖ ಕಿವುಚಿದ. ಮೇಸ್ತ್ರಿ ಕೀಲಿಯನ್ನು ಕೂದಲೆಳೆಯಷ್ಟು ತಿರುಗಿಸಿದರು. ಮುಖ ಸರಿಹೋಯಿತು. ಮರುದಿನದಿಂದ ಹಿಡಿಸೂಡಿ ಬೇರೆಯವರ ಕೈಗೆ ಹೋಯಿತು.

ಇಪ್ಪತ್ತೆಂಟು ವರ್ಷ ಅದೇ ಕೆಲಸ. ಕ್ಲಬ್ಬು, ಕ್ರೈಸ್ತರ ಇಗರ್ಜಿ, ಸಿನಿಮಾ ಮಂದಿರ, ಪಾರ್ಸಿಗಳ ಮನೆ — ಎಲ್ಲ ಕಡೆಯ ಪಿಯಾನೊಗಳ ಹೊಟ್ಟೆಯೊಳಗೆ ತಲೆ ಹಾಕಿ ತಂತಿ ಬಿಗಿಯುವುದು. ಐದು ಗೆರೆಗಳ ಮೇಲೆ ಬರೆಯುವ ಇಂಗ್ಲಿಷ್ ಸ್ವರಲಿಪಿಯನ್ನು ಮೇಸ್ತ್ರಿ ಕಲಿಸಿದರು. ಎರಡು ಕೈಯಿಂದ ನುಡಿಸುವುದನ್ನೂ ಕಲಿಸಿದರು, ಸರಿಯಾಯಿತೇ ಎಂದು ಪರೀಕ್ಷೆ ಮಾಡುವುದಕ್ಕೆ ಬೇಕಾದಷ್ಟು. ಬಚ್ಚ ಶೇರಿಗಾರರು ತನ್ನನ್ನು ಎಂದೂ ಪಿಯಾನೊ ನುಡಿಸುವವನು ಎಂದು ಕರೆದುಕೊಳ್ಳಲಿಲ್ಲ. ಮದುವೆಯಾಗಲಿಲ್ಲ; ಆಗುವ ಎಂದುಕೊಂಡ ವರ್ಷ ತಂದೆ ತೀರಿಕೊಂಡರು, ಆಮೇಲೆ ಆ ಮಾತು ಬರಲಿಲ್ಲ. ಯುದ್ಧ ಶುರುವಾಗಿ ಪರದೇಶದ ತಂತಿ ಬರುವುದು ನಿಂತಿತು, ಮೇಸ್ತ್ರಿ ಸತ್ತರು, ಮಕ್ಕಳು ಶೆಡ್ಡಿಗೆ ಬೀಗ ಹಾಕಿದರು. ಹಾಗೆ ಊರಿಗೆ ಬಂದದ್ದು.

ಕುಂದಾಪುರದಲ್ಲಿ ಅಕ್ಕು ಅವಲಕ್ಕಿ ಕುಟ್ಟಿ ಅಂಗಡಿಗಳಿಗೆ ಕೊಡುತ್ತಿದ್ದಳು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಅಣ್ಣ ಜಗಲಿಯ ಮೇಲೆ ಕುಳಿತು ಭಜನೆಯವರ ಹಾರ್ಮೋನಿಯಂ, ದರ್ಜಿಗಳ ಹೊಲಿಗೆ ಯಂತ್ರ, ಮಳೆಗಾಲದಲ್ಲಿ ಕೊಡೆ ರಿಪೇರಿ ಮಾಡತೊಡಗಿದರು. ಕೆಲಸ ಮಾಡುವಾಗ ಮಾತಿಲ್ಲ, ಕೆಲಸ ಇಲ್ಲದಾಗ ಮಲಗಿರುವುದು. "ಬೊಂಬಾಯಿ ಕಂಡ್ ಬಂದವ್ರ್ ಅಂದ್ರೆ ಎರ್ಡ್ ಕತೆಯಾರೂ ಹೇಳ್ತ್ರ್ ಅಂದ್ಕಂಡಿದ್ದೆ" ಎಂದು ಅಕ್ಕು ನೆರೆಯವಳ ಹತ್ತಿರ ಹೇಳಿದ್ದುಂಟು.

೧೯೪೪ರ ಮಾರ್ಚಿನಲ್ಲಿ ಬ್ರಹ್ಮಾವರದ ಕಡೆಯಿಂದ ಒಬ್ಬ ಆಳು ಹುಡುಕಿಕೊಂಡು ಬಂದ. ಭೋಜರಾಜ ಹೆಗ್ಡೆಯವರ ಮನೆಗೆ ಪಿಯಾನೊ ಬಂದಿದೆ, ಕೂಡಲೇ ಬರಬೇಕು.

ಹೆಗ್ಡೆಯವರು ಹೊಲಗದ್ದೆಗಳ ದೊಡ್ಡ ಗುತ್ತಿನ ಮನೆಯ ಯಜಮಾನರು. ತಂಗಿಯ ಹಿರಿಯ ಮಗಳು ಪ್ರಭಾವತಿಯನ್ನು ಮಂಗಳೂರಿನ ಕಾನ್ವೆಂಟಿನಲ್ಲಿ ಓದಿಸಿ, ಡಾಕ್ಟರೊಬ್ಬರಿಗೆ ಮದುವೆ ಮಾಡಿಕೊಟ್ಟಿದ್ದರು. ಡಾಕ್ಟರು ಸೈನ್ಯಕ್ಕೆ ಸೇರಿ ಬರ್ಮಾ ಗಡಿಯ ಕಡೆ ಹೋದವರು ಅಲ್ಲೇ ಜ್ವರದಿಂದ ತೀರಿಕೊಂಡರು. ಪ್ರಭಾವತಿಗೆ ಇಪ್ಪತ್ತೈದು ವರ್ಷ. ಮನೆಗೆ ಮರಳಿದವಳು ಊಟಕ್ಕೆ ಕರೆದರೆ ಬರುವಳು, ಕರೆಯದಿದ್ದರೆ ಇಲ್ಲ. ಸೋದರಮಾವನಿಗೆ ಇಂಥದಕ್ಕೆಲ್ಲ ಏನು ಮಾಡಬೇಕೆಂದು ತಿಳಿಯದು. ಘಟ್ಟದ ಮೇಲಿನ ಕಾಫಿ ತೋಟದ ಬಿಳಿಯನೊಬ್ಬ ಸಾಮಾನು ಮಾರಿ ಊರಿಗೆ ಹೋಗುತ್ತಾನೆಂದು ಕೇಳಿ, ಸೋದರಸೊಸೆ ಶಾಲೆಯಲ್ಲಿ ಇದನ್ನು ನುಡಿಸುತ್ತಿದ್ದಳು ಎಂಬುದು ನೆನಪಾಗಿ, ಪಿಯಾನೊವನ್ನು ಲಾರಿಯಲ್ಲಿ ತರಿಸಿ ಚಾವಡಿಯಲ್ಲಿ ಇರಿಸಿದ್ದರು.

ಬಚ್ಚ ಶೇರಿಗಾರರು ಪೆಟ್ರೋಲಿಲ್ಲದ ಆ ಕಾಲದ ಇದ್ದಿಲ ಗ್ಯಾಸಿನ ಬಸ್ಸಿನಲ್ಲಿ ಮಾಬುಕಳದವರೆಗೆ ಬಂದು, ಹೊಳೆ ದಾಟಿ, ನಾಲ್ಕು ಕಡೆ ಕೂತು ಏಳುತ್ತ ಆ ಮನೆ ತಲುಪಿದಾಗ ಮಧ್ಯಾಹ್ನವಾಗಿತ್ತು. ಅಂಗಳದಲ್ಲಿ ನಿಂತರು. ಶೇರಿಗಾರರು ಅಂಥ ಮನೆಗಳಲ್ಲಿ ನಿಲ್ಲುವ ಜಾಗ ಅದೇ. ಅವರ ತಂದೆಯೂ ಮದುವೆ ದಿನಗಳಲ್ಲಿ ಅಲ್ಲೇ ನಿಂತು ಊದಿದವರು.

"ಒಳ್ಗ್ ಬಾ ಮಾರಾಯಾ" ಎಂದರು ಹೆಗ್ಡೆಯವರು. "ಅಂಗ್ಳದಗ್ ನಿಂತ್ಕಂಡ್ ಅದ್ನ ಸಮ ಮಾಡುಕ್ ಆತ್ತಾ?"

ಒಳಗೆ ಹೋದರು. ಎರಡು ದಿನ ಹಿಡಿಯಿತು. ನಿಂತುಕೊಂಡು, ಮಂಡಿಯೂರಿ, ಕೊನೆಗೆ ನೆಲದ ಮೇಲೆ ಕುಳಿತು ಕೆಲಸ ಮಾಡಿದರು. ಪಿಯಾನೊದ ಮುಂದಿನ ಕುರ್ಚಿಯ ಮೇಲೆ ಮಾತ್ರ ಕುಳಿತುಕೊಳ್ಳಲಿಲ್ಲ. ಸಮುದ್ರದ ಗಾಳಿಗೆ ತಂತಿ ಸಡಿಲವಾಗುತ್ತದೆ, ತಿಂಗಳಿಗೊಮ್ಮೆ ನೋಡಬೇಕು ಎಂದು ಹೇಳಿ ಹೊರಟರು. ಹೇಳಿದ ಮೇಲೆ ತಿಂಗಳಿಗೊಮ್ಮೆ ಇಷ್ಟು ದೂರ ಬರುವವನು ತಾನೇ ಎಂದು ಹೊಳೆದು, ಹೇಳಬಾರದಿತ್ತು ಎನಿಸಿತು.

ಪ್ರಭಾವತಿ ಕಾನ್ವೆಂಟಿನಲ್ಲಿ ಕಲಿತ ಮೂರು ತುಣುಕುಗಳನ್ನು ನುಡಿಸಿದಳು. ಮೂರು ತಿಂಗಳು ಅವೇ ಮೂರು. ಆಮೇಲೆ ಅದೂ ನಿಂತಿತು. ಆಷಾಢದ ಒಂದು ಮಧ್ಯಾಹ್ನ ಶೇರಿಗಾರರು ಕೆಲಸ ಮುಗಿಸಿ, ಚಾವಡಿಯಲ್ಲಿ ಯಾರೂ ಇಲ್ಲವೆಂದು ತಿಳಿದು, ನಿಂತಲ್ಲಿಂದಲೇ ಒಂದು ಕೈಯಲ್ಲಿ ತಂದೆ ದಿಬ್ಬಣಕ್ಕೆ ಊದುತ್ತಿದ್ದ ಶಂಕರಾಭರಣ ರಾಗದ ನಾಲ್ಕು ಸಾಲು ನುಡಿಸಿದರು. ಹಿಂದೆ ಬಾಗಿಲ ಹತ್ತಿರ ಪ್ರಭಾವತಿ ನಿಂತಿದ್ದಳು.

"ಶೇರಿಗಾರ್ರೇ, ಅದೆಂತ?"

ಅವರು ಕೈ ತೆಗೆದರು. "ಎಂತದೂ ಅಲ್ಲ ಅಮ್ಮಾ. ನಮ್ ಅಪ್ಪಯ್ಯ ಊದುದ್."

"ಇನ್ನೊಂದ್ ಕೈಗೆ ಎಂತ ಇಲ್ಯಾ?"

ಅದಕ್ಕೆ ಉತ್ತರವಾಗಿ ಶೇರಿಗಾರರು ಊರಿಗೆ ಬಂದ ಮೇಲೆ ಮೊದಲ ಸಲ ಒಂದು ಕತೆ ಹೇಳಿದರು.

ಅವರಿಗೆ ಎಂಟು ವರ್ಷವಿದ್ದಾಗ, ಒಂದೇ ದಿನ ಒಂದೇ ಮುಹೂರ್ತಕ್ಕೆ ಎರಡು ದಿಬ್ಬಣಗಳು ಗಂಗೊಳ್ಳಿಗೆ ದಾಟಲು ಕುಂದಾಪುರದ ದೋಣಿ ಕಡವಿಗೆ ಬಂದವು. ಒಂದು ದಿಬ್ಬಣದ ವಾದ್ಯ ತಂದೆ ವೆಂಕಟ ಶೇರಿಗಾರರದು, ಇನ್ನೊಂದರದು ದೊಡ್ಡಪ್ಪ ಬೂದ ಶೇರಿಗಾರರದು. ಅಣ್ಣ ತಮ್ಮಂದಿರು ದೇವಸ್ಥಾನದ ಸೇವೆ ಪಾಲು ಮಾಡಿಕೊಳ್ಳುವಾಗ ಜಗಳವಾಡಿ ಮಾತು ಬಿಟ್ಟು ಮೂರು ವರ್ಷವಾಗಿತ್ತು. ದೊಡ್ಡಪ್ಪ ಮನೆ ಬಿಟ್ಟು ಬೈಂದೂರಿಗೆ ಹೋಗಿ ನೆಲೆಸಿದ್ದರು. ಆ ದಿನ ಕಡವಿನಲ್ಲಿ ಇದ್ದದ್ದು ಒಂದೇ ದೊಡ್ಡ ದೋಣಿ. ಎರಡೂ ದಿಬ್ಬಣದವರು ಹತ್ತಿದರು, ತಂದೆಯ ಪಕ್ಕದಲ್ಲಿ ಇವರೂ. ದೋಣಿ ಬಿಟ್ಟ ಕೂಡಲೇ ದೊಡ್ಡಪ್ಪ ಮೋಹನ ರಾಗ ಶುರುಮಾಡಿದರು. ತಂದೆ ಶಂಕರಾಭರಣ ಶುರುಮಾಡಿದರು. ದೊಡ್ಡಪ್ಪನ ಶ್ರುತಿ ಬೇರೆ, ತಂದೆಯ ಶ್ರುತಿ ಬೇರೆ. ಒಬ್ಬರೂ ಬಿಡಲಿಲ್ಲ. ಹೆಂಗಸರು ಕಿವಿ ಮುಚ್ಚಿಕೊಂಡು ನಕ್ಕರು, ಒಬ್ಬ ಮದುಮಗ ಸಿಟ್ಟಾದ, ಇನ್ನೊಬ್ಬ ತಾಳ ಹಾಕಿದ. ಹುಟ್ಟು ಹಾಕುವ ಇಬ್ಬರು ಯಾವ ವಾದ್ಯಕ್ಕೂ ಸೇರದೆ ತಮ್ಮದೇ ಲಯದಲ್ಲಿ ಹುಟ್ಟು ಹಾಕಿದರು. ದೋಣಿ ದಡ ಮುಟ್ಟಿತು. ಒಂದು ದಿಬ್ಬಣ ಉತ್ತರಕ್ಕೆ, ಒಂದು ಪೇಟೆಯ ಕಡೆಗೆ ಹೊರಟಿತು; ಇಬ್ಬರೂ ಊದುತ್ತಲೇ ಹೋದರು.

"ಅದ್ ಇದ್ರಗೆ ಬತ್ತಾ?" ಎಂದು ಪ್ರಭಾವತಿ ಪಿಯಾನೊ ತೋರಿಸಿದಳು.

"ಹ್ಯಾಂಗ್ ಬತ್ತ್ ಅಮ್ಮಾ? ಎರ್ಡ್ ಶ್ರುತಿ ಕೂಡ್ರೆ ತಪ್ಪ್ ಅಂಬ್ದ್ ನನ್ನ್ ಕಸ್ಬ್."

"ಒಂದ್ಸಲ ಕಾಂಬ, ಅಲ್ದಾ?"

ಶೇರಿಗಾರರಿಗೆ ಬೇಡವಾಗಿತ್ತು. ಆದರೆ ನಾಲ್ಕು ತಿಂಗಳಲ್ಲಿ ಅವಳು ಏನಾದರೂ ಕೇಳಿದ್ದು ಇದೇ ಮೊದಲು, ಮತ್ತು ಹೆಗ್ಡೆಯವರು ಜಗಲಿಯಿಂದ ಇತ್ತ ನೋಡುತ್ತಿದ್ದರು. ಹೂಂ ಎಂದರು.

ಮೊದಲು ನಡೆದ ಹಾಗೆಯೇ ಮಾಡಿ ನೋಡಿದರು. ಅಂದು ಎರಡು ವಾದ್ಯಗಳ ನಡುವೆ ಇದ್ದದ್ದು ಹೆಚ್ಚೆಂದರೆ ಅರ್ಧ ಸ್ವರದ ಅಂತರ. ಹಾರ್ಮೋನಿಯಂನವರ ಲೆಕ್ಕದಲ್ಲಿ ಒಂದು ವಾದ್ಯ ಬಿಳಿ ಒಂದನೆಯ ಮನೆಯಲ್ಲಿ, ಇನ್ನೊಂದು ಅದರ ಪಕ್ಕದ ಕಪ್ಪು ಒಂದನೆಯ ಮನೆಯಲ್ಲಿ. ಬಲಗೈ, ಎಡಗೈ ಕೂಡಿಸಿ ನುಡಿಸಿದಾಗ ಕೇಳಿದ್ದು ಹಲ್ಲುನೋವಿನಂಥ ಸದ್ದು. ಪ್ರಭಾವತಿ ಕಿವಿ ಮುಚ್ಚಿದಳು. ಶೇರಿಗಾರರಿಗೆ ಅದಕ್ಕಿಂತ ಹೆಚ್ಚು ಸಂಕಟ. ಮೂವತ್ತು ವರ್ಷ ಇಂಥ ಕೊರೆತವನ್ನೇ ಹುಡುಕಿ ಹುಡುಕಿ ತೆಗೆದ ಕಿವಿ ಅದು. ದೋಣಿಯಲ್ಲಿ ನಗು ತರಿಸಿದ್ದು ಇಲ್ಲಿ ಯಾಕೆ ನಗು ತರಿಸುವುದಿಲ್ಲ ಎಂದು ತಿಳಿಯಲಿಲ್ಲ. ಆ ತಿಂಗಳು ಅಷ್ಟಕ್ಕೇ ಬಿಟ್ಟು, ಮುಂದಿನ ತಿಂಗಳು ಬಂದು ತಂತಿ ಬಿಗಿದು, ಆಗುವುದಿಲ್ಲ ಎಂದು ಹೇಳಿ ಹೋದರು.

ಆ ವರ್ಷದ ಕೊನೆಯಲ್ಲಿ ಒಂದು ದಿನ ಬ್ರಹ್ಮಾವರದಿಂದ ಹಿಂತಿರುಗಿ ಹೊಳೆ ದಾಟಿ ಬಂದರೆ ಈಚೆ ದಡದಲ್ಲಿ ಬಸ್ಸು ಕೆಟ್ಟು ನಿಂತಿತ್ತು. ಎರಡು ಗಂಟೆ ಕಾಯಬೇಕಾಯಿತು. ದೇಹ ಎಷ್ಟು ದಣಿದಿತ್ತೆಂದರೆ ಬಿಸಿಲಿನಿಂದ ಏಳಲೂ ಮನಸ್ಸಿರಲಿಲ್ಲ. ನೀರಿಳಿದ ಹೊಳೆಯ ತಳದಲ್ಲಿ ಮಳಿ ಚಿಪ್ಪು ಹೆಕ್ಕುವ ಹೆಂಗಸರು ಒಂದು ಪದ ಹೇಳುತ್ತಿದ್ದರು. ಬಹಳ ದೂರದಲ್ಲಿ, ಎದುರು ದಡದ ಗದ್ದೆಯಲ್ಲಿ, ಕೋಣ ಹೂಡಿದವನೊಬ್ಬ ಬೇರೆಯೇ ಏನೋ ಎಳೆದು ಹಾಡುತ್ತಿದ್ದ. ಎರಡಕ್ಕೂ ಸಂಬಂಧವಿಲ್ಲ, ಶ್ರುತಿ ಒಂದಲ್ಲ. ಆದರೂ ಕಿವಿಗೆ ನೋವಾಗಲಿಲ್ಲ. ಎರಡನ್ನೂ ಬೇರೆ ಬೇರೆಯಾಗಿ ಕೇಳಬಹುದಿತ್ತು, ಒಟ್ಟಿಗೂ ಕೇಳಬಹುದಿತ್ತು. ದೋಣಿಯಲ್ಲಿ ಜನ ಕಣ್ಣಿನಿಂದಲೂ ಕೇಳುತ್ತಿದ್ದರು: ಇತ್ತ ಒಬ್ಬ, ಅತ್ತ ಒಬ್ಬ ಎಂದು ಕಾಣುತ್ತಿತ್ತು. ಪಿಯಾನೊದಲ್ಲಿ ಕಾಣುವುದಿಲ್ಲ. ಹಾಗಾಗಿ ಕಿವಿಗೇ ದೂರ ತೋರಿಸಬೇಕು. ಅಷ್ಟು ಹೊಳೆದು, ಬಸ್ಸು ಸರಿಯಾಯಿತು ಎಂದು ಯಾರೋ ಕೂಗಿದ ಮೇಲೆಯೂ ಅವರು ಸ್ವಲ್ಪ ಹೊತ್ತು ಕುಳಿತೇ ಇದ್ದರು.

ಆಮೇಲೆ ತಂದೆಯ ಶಂಕರಾಭರಣವನ್ನು ಬಿಳಿ ಒಂದರಲ್ಲೇ ಇಟ್ಟು, ಬಲಗೈಗೆ, ಮೇಲಿನ ಸ್ವರಗಳಿಗೆ ಕೊಟ್ಟರು. ದೊಡ್ಡಪ್ಪನ ಮೋಹನವನ್ನು ಅಲ್ಲಿಂದ ಎಷ್ಟು ದೂರ ಹೋಗಲು ಸಾಧ್ಯವೋ ಅಷ್ಟು ದೂರಕ್ಕೆ, ಕಪ್ಪು ಮೂರಕ್ಕೆ ಒಯ್ದು, ಎಡಗೈಗೆ, ಕೆಳಗೆ ಇಳಿಸಿದರು. ಆಗ ಒಂದು ಬೆರಗಿನ ಸಂಗತಿ ಕಂಡಿತು. ಬಲಗೈ ಪೂರ್ತಿ ಬಿಳಿ ಮನೆಗಳ ಮೇಲೆ ನಡೆಯುತ್ತದೆ, ಎಡಗೈ ಪೂರ್ತಿ ಕಪ್ಪು ಮನೆಗಳ ಮೇಲೆ. ಒಂದು ದಾರಿಗೆ ಇನ್ನೊಂದು ಅಡ್ಡ ಬರುವುದೇ ಇಲ್ಲ. ದೋಣಿಯ ಹುಟ್ಟು ಬೀಳುವ ಸದ್ದಿಗೆ ನಡುವೆ ಒಂದೇ ಒಂದು ಸ್ವರ, ಎಡಗೈಯ ಹೆಬ್ಬೆರಳಿನಿಂದ.

ಇಷ್ಟಾದರೂ ತುಣುಕು ಆಗಲು ಮತ್ತೆ ಒಂದು ವರ್ಷ ಬೇಕಾಯಿತು. ಕಾಗದ ಸಿಗದ ಕಾಲ. ಹಳೆಯ ಕ್ಯಾಲೆಂಡರ್ ಹಾಳೆಗಳ ಹಿಂಬದಿಗೆ ಐದೈದು ಗೆರೆ ಎಳೆದು, ಕುಂದಾಪುರದ ಜಗಲಿಯಲ್ಲಿ ಪಿಯಾನೊ ಇಲ್ಲದೆಯೇ ಬರೆಯುತ್ತಿದ್ದರು. ಉಬ್ಬಸ ಹೆಚ್ಚಾದ ವಾರಗಳಲ್ಲಿ ಅದೂ ಇಲ್ಲ. ಅಕ್ಕು ಗಂಜಿ ತಂದಿಟ್ಟು, "ಮೈ ಸಮ ಇಲ್ಲೆ. ಎಂತಕ್ಕೆ ಇದ್ ನಿಮ್ಗೆ?" ಎಂದರೆ, "ಶುರು ಮಾಡಿಯಾಯ್ತಲೆ" ಎನ್ನುವರು. ಸಂತೋಷದಿಂದ ಹೇಳಿದ ಮಾತಾಗಿರಲಿಲ್ಲ ಅದು.

ಆದರೆ ಬರೆದದ್ದು ಮಾತ್ರ ತಮಾಷೆಯದು. ಮೊದಲು ಎಡಗೈ ಗಂಭೀರವಾಗಿ ದೋಣಿ ಹತ್ತುತ್ತದೆ. ಬಲಗೈ ತಡವಾಗಿ ಓಡಿ ಬಂದು ಹತ್ತುತ್ತದೆ. ಒಬ್ಬರು ಒಂದು ಸಾಲು ಹೇಳಿದರೆ ಇನ್ನೊಬ್ಬರು ಅದರ ಬಾಲವನ್ನು ಹಿಡಿದು, ತಮ್ಮ ಶ್ರುತಿಯಲ್ಲಿ ಅಣಕಿಸುತ್ತಾರೆ. ನಡುಹೊಳೆಯಲ್ಲಿ ದೋಣಿ ಒಮ್ಮೆ ವಾಲುತ್ತದೆ. ಎರಡು ಕೈಗಳೂ ಅರ್ಧ ಸ್ವರ ಜಾರಿ, ಏನೂ ಆಗಿಲ್ಲವೆಂಬಂತೆ ಮರಳಿ ಬರುತ್ತವೆ. ಕೊನೆಗೆ ಬಲಗೈ ಮೇಲೆ ಮೇಲೆ, ಎಡಗೈ ಕೆಳಗೆ ಕೆಳಗೆ, ಸಣ್ಣಗಾಗುತ್ತ ಹೋಗುತ್ತವೆ. ವಾಲುವ ಜಾಗವನ್ನು ಮೊದಲ ಸಲ ಕೇಳಿದಾಗ ಪ್ರಭಾವತಿ ಜೋರಾಗಿ ನಕ್ಕಳು. ಅಡುಗೆಮನೆಯಿಂದ ಇಬ್ಬರು ಓಡಿ ಬಂದು ನೋಡಿ ಹೋದರು.

೧೯೪೬ರ ಏಪ್ರಿಲಿನಲ್ಲಿ ಪ್ರಭಾವತಿಯ ತಂಗಿ ಸುಗುಣಳ ಮದುವೆ ಆ ಮನೆಯಲ್ಲೇ ನಡೆಯಿತು. ಗಂಡಿನ ಕಡೆಯವರು ಬೈಂದೂರಿನ ಆಚೆಯವರು. ಅವರ ದಿಬ್ಬಣದ ಜತೆ ವಾದ್ಯದವರಾಗಿ ಬಂದದ್ದು ನಾಗ ಶೇರಿಗಾರ — ಬೂದ ಶೇರಿಗಾರರ ಮಗ, ಬಚ್ಚ ಶೇರಿಗಾರರಿಗೆ ದೊಡ್ಡಪ್ಪನ ಮಗ, ಎರಡು ವರ್ಷಕ್ಕೆ ಕಿರಿಯ. ಇಬ್ಬರೂ ಅಂಗಳದಲ್ಲಿ ಮುಖಾಮುಖಿಯಾದರು. "ಆರಾಮ?" "ಹ್ಞಾಂ, ಆರಾಮ." ಅಷ್ಟೇ.

ಊಟವಾಗಿ ಜನ ಎಲೆ ಅಡಿಕೆ ಹಾಕಿಕೊಂಡು ಚಾವಡಿಯ ಚಾಪೆಗಳ ಮೇಲೆ ಒರಗಿದ್ದ ಹೊತ್ತು. ಯಾರೋ ಪಿಯಾನೊ ತೋರಿಸಿ ಇದೆಂಥ ಪೆಟ್ಟಿಗೆ ಎಂದು ಕೇಳಿದರು. ಹೆಗ್ಡೆಯವರು ಸೊಸೆಯನ್ನು ಕರೆದರು. ಪ್ರಭಾವತಿ ಕುಳಿತು, "ಇದ್ ಒಂದೇ ದೋಣಿಯಗೆ ಎರ್ಡ್ ದಿಬ್ಬಣ ಹೋಪುದ್" ಎಂದು ಹೇಳಿ ಶುರುಮಾಡಿದಳು. ಎಡಗೈಯ ದಿಬ್ಬಣ ಹತ್ತಿತು, ಬಲಗೈಯ ದಿಬ್ಬಣ ಹತ್ತಿತು. ಎರಡೂ ಕೂಡುವ ಜಾಗದಲ್ಲಿ ಅವಳ ಬೆರಳು ತಪ್ಪಿತು. ಮತ್ತೆ ಶುರುಮಾಡಿದಳು, ಮತ್ತೆ ಅಲ್ಲೇ ತಪ್ಪಿತು. ಬಾಗಿಲ ಚೌಕಟ್ಟಿನ ಹತ್ತಿರ ನಿಂತಿದ್ದ ಶೇರಿಗಾರರ ಕಡೆಗೆ ತಿರುಗಿ, ಅಷ್ಟು ಜನರ ಎದುರಿಗೆ, "ಶೇರಿಗಾರ್ರೇ, ಬನ್ನಿ. ನೀವೇ ಕೂಕಣಿ" ಎಂದು ಎದ್ದು ನಿಂತಳು.

ಆ ಚಾವಡಿಯಲ್ಲಿ ಶೇರಿಗಾರರ ಪೈಕಿ ಯಾರೂ ಕುರ್ಚಿಯ ಮೇಲೆ ಕುಳಿತದ್ದಿಲ್ಲ. ಅವರು ಹೆಗ್ಡೆಯವರ ಮುಖ ನೋಡಿದರು. ಹೆಗ್ಡೆಯವರು ಕೂತ್ಕೊ ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಹರಿವಾಣದಿಂದ ಒಂದು ವೀಳ್ಯದೆಲೆ ತೆಗೆದು ಅದರ ನಾರು ಬಿಡಿಸತೊಡಗಿದರು. ಬಚ್ಚ ಶೇರಿಗಾರರು ಹೋಗಿ ಕುಳಿತರು. ಕಾಲು ಸೋತಿದ್ದರಿಂದ ಕುಳಿತದ್ದು ಎಂದು ಆಮೇಲೆ ಅಕ್ಕುವಿನ ಹತ್ತಿರ ಹೇಳಿದರಂತೆ.

ನುಡಿಸಿದರು. ಮೊದಲು ಜನ ಒಬ್ಬರ ಮುಖ ಒಬ್ಬರು ನೋಡಿದರು. ಅಣಕಿಸುವ ಜಾಗ ಬಂದಾಗ ಮೂಲೆಯಲ್ಲಿದ್ದ ಮುದುಕಿಯೊಬ್ಬಳು, "ಹ್ವಾಯ್, ಇದ್ ಬೀಗರ ಜಗಳ!" ಎಂದಳು. ನಗು ಹಬ್ಬಿತು. ದೋಣಿ ವಾಲಿದಾಗ ಗಂಡಿನ ಕಡೆಯ ಯಜಮಾನರೊಬ್ಬರು ನಗುತ್ತ ಎಲೆಯ ರಸ ಅಂಗಿಯ ಮೇಲೆ ಚೆಲ್ಲಿಕೊಂಡರು. ಮುಗಿದ ಮೇಲೆ ಹೆಗ್ಡೆಯವರು, "ಬಚ್ಚಾ, ಗಲಾಟೆ ಲಾಯ್ಕಿತ್ತ್" ಎಂದರು. ಅವರಿಂದ ಅದು ದೊಡ್ಡ ಮಾತು.

ಶೇರಿಗಾರರು ಎದ್ದು, ಉಸಿರಿಗಾಗಿ ಹೊರಗೆ ಹೋಗಿ ಬಾವಿಕಟ್ಟೆಯ ಮೇಲೆ ಕುಳಿತರು. ನಾಗ ಶೇರಿಗಾರ ಅಲ್ಲಿಗೆ ಬಂದ. ಅವನು ಕಿಟಕಿಯ ಹೊರಗೆ ನಿಂತು ಎಲ್ಲವನ್ನೂ ಕೇಳಿದ್ದ.

"ಬಚ್ಚಣ್ಣ, ಅದ್ ನಮ್ಮಪ್ಪಯ್ಯಂದ್ ಮೋಹನ ಅಲ್ದಾ?"

"ಹೌದ್."

"ನಮ್ಮಪ್ಪಯ್ಯನ್ನ ಎಡ್ಗೈಗ್ ಹಾಕಿದ್ಯಲಾ."

ಬಚ್ಚ ಶೇರಿಗಾರರು ತಲೆ ಎತ್ತಿದರು. ಎರಡು ವರ್ಷದಲ್ಲಿ ಆ ಮಾತು ಅವರಿಗೆ ಒಮ್ಮೆಯೂ ಹೊಳೆದಿರಲಿಲ್ಲ. ಪಿಯಾನೊದ ಮುಂದೆ ಎಡಗೈ ಎಂದರೆ ಕೆಳಗಿನ ಸ್ವರ, ಅಷ್ಟೇ. ಹೊರಗೆ, ನಾಲ್ಕು ಜನರ ನಡುವೆ, ಎಡಗೈ ಎಂದರೆ ಏನು ಎಂಬುದನ್ನು ಬೊಂಬಾಯಿ ಮರೆಸಿಬಿಟ್ಟಿತ್ತು.

"ಎಡ್ಗೈದ್ದೇ ಕಷ್ಟದ್ ಕೆಲ್ಸ, ನಾಗಾ. ಹುಟ್ಟ್ ಹಾಕುದೂ ಅದೇ."

"ಅದ್ ನಿಂಗೊತ್ತ್. ಒಳ್ಗ್ ನೆಗಾಡ್ದವ್ರಿಗ್ ಗೊತ್ತಿತ್ತಾ?" ನಾಗನ ದನಿ ಏರಲಿಲ್ಲ. ಬೆಳಿಗ್ಗೆಯಿಂದ ಊದಿ ಅವನೂ ಸೋತಿದ್ದ. "ನಮ್ಮಪ್ಪಯ್ಯ ಸಾಯುವಲ್ಲಿವರಿಗೂ ಹೇಳ್ತಿದ್ದ, ವೆಂಕ್ಟನೇ ಮೊದ್ಲ್ ನಿಲ್ಸಿದ್ದ್ ಅಂದೇಳಿ. ನಿಮ್ಮನೆಯಗ್ ಅದ್ನೇ ತಿರ್ಗ್ಸಿ ಹೇಳ್ತಿದ್ರ್ ಅಂಬ್ರ್. ನೀ ದೋಣಿಯಗ್ ಇದ್ದವ. ಖರೆ ಹೇಳ್, ಯಾರ್ ಮೊದ್ಲ್ ನಿಲ್ಸಿದ್ದ್?"

"ಯಾರೂ ನಿಲ್ಸ್ಲಿಲ್ಲೆ. ದಡ ಬಂತ್. ಇಳ್ದ್ ಊದ್ಕಂಡೇ ಹೋದ್ರ್. ನನ್ ಕಿವಿಗ್ ಕೇಂಬಲ್ಲಿವರಿಗೆ ಇಬ್ರೂ ಊದ್ತಿದ್ರ್."

ನಾಗ ಬಾವಿಯಿಂದ ಒಂದು ಕೊಡ ನೀರು ಸೇದಿ, ಮೊದಲು ತಾನು ಕುಡಿದು, ಕೊಡವನ್ನು ಇವರ ಹತ್ತಿರ ಇಟ್ಟು ಹೋದ. ಸಂಜೆ ದಿಬ್ಬಣ ಹೊರಟಾಗ ತಿರುಗಿ ನೋಡಲಿಲ್ಲ.

ಆ ಎಡಗೈಯ ಮಾತು ಬಚ್ಚ ಶೇರಿಗಾರರ ತಲೆಯಲ್ಲಿ ಕುಳಿತುಬಿಟ್ಟಿತು. ಮುಗಿಯಿತು ಎಂದುಕೊಂಡಿದ್ದ ಕೆಲಸ. ಕ್ಯಾಲೆಂಡರ್ ಹಾಳೆಗಳನ್ನು ಮತ್ತೆ ಹೊರಗೆ ತೆಗೆದರು. ಮೊದಲು ಕೈಗಳನ್ನು ಸುಮ್ಮನೆ ಅದಲುಬದಲು ಮಾಡಿ ನೋಡಿದರು: ಮೋಹನ ಮೇಲೆ, ಶಂಕರಾಭರಣ ಕೆಳಗೆ. ಅದು ಕೂರಲಿಲ್ಲ. ಕೆಳಗಿಳಿಸಿದ ಶಂಕರಾಭರಣ ಮುದುಕರ ಗೊಣಗಾಟದಂತೆ ಕೇಳಿಸಿತು. ತನ್ನ ತಂದೆಯನ್ನು ಕೆಳಗೆ ಹಾಕಿದ್ದರಿಂದ ತನಗೆ ಹಾಗೆ ಕೇಳಿಸುತ್ತಿದೆಯೋ, ನಿಜವಾಗಿಯೂ ಹಾಗಿದೆಯೋ ಎಂದು ಗೊತ್ತಾಗದೆ, ಮುಂದಿನ ಸಲ ಹೋದಾಗ ಪ್ರಭಾವತಿಯ ಕೈಯಿಂದಲೇ ನುಡಿಸಿ, ತಾವು ಅಂಗಳದಲ್ಲಿ ನಿಂತು ಕೇಳಿದರು. ಗೊಣಗಾಟವೇ ಆಗಿತ್ತು. ಸಾಲುಗಳನ್ನು ಗಿಡ್ಡ ಮಾಡಿದರು, ನಡುವೆ ಉಸಿರಿಗೆ ಜಾಗ ಬಿಟ್ಟರು. ಬೆರಳುಗಳಿಗೆ ನೋವು ಬರತೊಡಗಿತ್ತು. ಬ್ರಹ್ಮಾವರಕ್ಕೆ ತಿಂಗಳಿಗೊಮ್ಮೆ ಹೋಗುವುದು ಎರಡು ತಿಂಗಳಿಗೊಮ್ಮೆ ಆಯಿತು.

೧೯೪೭ರ ಮಳೆಗಾಲದಲ್ಲಿ ಅದು ಒಂದು ರೂಪಕ್ಕೆ ಬಂತು. ತುಣುಕು ಈಗ ಎರಡು ಭಾಗ. ಮೊದಲ ಸಲ ಹೊಳೆ ದಾಟುವಾಗ ಬಲಗೈಯಲ್ಲಿ ತಂದೆ, ಎಡಗೈಯಲ್ಲಿ ದೊಡ್ಡಪ್ಪ. ಆಚೆ ದಡದಲ್ಲಿ ಮದುವೆ ಮುಗಿಸಿ ಅದೇ ದೋಣಿಯಲ್ಲಿ ಮರಳುವಾಗ ಬಲಗೈಯಲ್ಲಿ ದೊಡ್ಡಪ್ಪ, ಎಡಗೈಯಲ್ಲಿ ತಂದೆ. ನಿಜವಾಗಿ ಅಂದು ಅವರು ಒಟ್ಟಿಗೆ ಮರಳಿರಲಿಲ್ಲ. ಪ್ರಭಾವತಿ ಅದನ್ನು ಕೇಳಿದಾಗ ಶೇರಿಗಾರರು, "ಮರ್ಳಿ ಬಂದ್ದ್ ನಾನೇ ಮಾಡಿದ್ದ್ ಅಮ್ಮಾ" ಎಂದರು. ಎರಡನೆಯ ಭಾಗ ಮೊದಲಿನಷ್ಟು ನಗು ತರಿಸುವುದಿಲ್ಲ. ಲಯ ನಿಧಾನ, ಅಣಕ ಕಡಿಮೆ. ಊಟ ಮಾಡಿ, ಬಿಸಿಲಿನಲ್ಲಿ ದಣಿದು ಬರುವವರ ಹಾಗೆ.

ಮರುವರ್ಷ ಪ್ರಭಾವತಿ ಮದರಾಸಿನ ಒಂದು ಹೆಣ್ಣುಮಕ್ಕಳ ಶಾಲೆಗೆ ಟೀಚರಾಗಿ ಹೋದಳು. ಮಾವ ಬೇಡವೆಂದರು, ಆಮೇಲೆ ತಾವೇ ಮಂಗಳೂರಿನವರೆಗೆ ಹೋಗಿ ರೈಲು ಹತ್ತಿಸಿದರು. ತುಣುಕನ್ನು ಒಳ್ಳೆಯ ಕಾಗದದ ಮೇಲೆ ಅಂದವಾಗಿ ನಕಲು ಮಾಡಿಕೊಂಡು ಒಯ್ದಿದ್ದಳು. ಕೆಲವು ತಿಂಗಳ ಮೇಲೆ ಕಾಗದ ಬರೆದಳು: ಇಲ್ಲಿಯ ಹುಡುಗಿಯರಿಗೆ ಮೊದಲ ಭಾಗ ಬಹಳ ಇಷ್ಟ, ಎರಡನೆಯದನ್ನು ನಾನು ಒಬ್ಬಳೇ ಇರುವಾಗ ನುಡಿಸುತ್ತೇನೆ, ಶೇರಿಗಾರ್ರೇ, ಇನ್ನೊಂದು ಬರೆಯಿರಿ.

ಅವರು ಹದಿನೈದು ದಿನ ಆ ಕಾಗದವನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡು ತಿರುಗಿದರು. ಎರಡು ಹಾಳೆಗಳಿಗೆ ಗೆರೆಯನ್ನೂ ಎಳೆದರು. ಏನೂ ಬರಲಿಲ್ಲ. ಬರದಿದ್ದುದಕ್ಕೆ ಬೇಸರವೂ ಆಗಲಿಲ್ಲ. ಒಂದು ಕಾರ್ಡು ಬರೆದು ಹಾಕಿದರು: "ಕ್ಷೇಮ. ನನ್ನಿಂದ ಆಗುವುದು ಒಂದೇ ಇತ್ತು ಎಂದು ತೋರುತ್ತದೆ. ದೋಣಿ ವಾಲುವಲ್ಲಿ ಎಡಗೈಯ ನಾಲ್ಕನೇ ಬೆರಳು ಬಿಗಿಯಬೇಡಿ, ನೋವಾಗುತ್ತದೆ. ಅಲ್ಲಿಯೂ ಸಮುದ್ರದ ಗಾಳಿ ಇರುವುದರಿಂದ ಪಿಯಾನೊವನ್ನು ಗೋಡೆಯಿಂದ ದೂರ ಇಡಲು ಹೇಳಿ."

ಅದೇ ವಾರ ಬೈಂದೂರಿನ ಭಜನೆಯವರು ಹಾರ್ಮೋನಿಯಂನ ತಿದಿ ಹರಿದಿದೆ ಎಂದು ಹೇಳಿ ಕಳಿಸಿದರು. ದಾರಿಯಲ್ಲಿ ಹೊಳೆಗಳು, ಬಸ್ಸು ಸರಿಯಿಲ್ಲ, ಹೋಗಬೇಡಿ ಎಂದಳು ಅಕ್ಕು. ಹೋದರು. ರಿಪೇರಿ ಮುಗಿಯುವಾಗ ಹನ್ನೆರಡು ದಾಟಿತ್ತು. ನಾಗ ಶೇರಿಗಾರ ಅಲ್ಲಿಗೆ ಬಂದು, ಸ್ವಲ್ಪ ಹೊತ್ತು ನಿಂತು ಕೆಲಸ ನೋಡಿ, "ಊಟಕ್ಕ್ ಮನಿಗ್ ಬಾ ಬಚ್ಚಣ್ಣ" ಎಂದ. ಅವನು ಕರೆದದ್ದು ಅಷ್ಟೇ, ಇವರು ಹೋದದ್ದೂ ಅಷ್ಟೇ. ಕುಚ್ಚಲಕ್ಕಿ ಅನ್ನ, ಬಂಗಡೆ ಸಾರು. ಉಣ್ಣುವಾಗ ದೋಣಿಯ ಮಾತು ಇಬ್ಬರೂ ಎತ್ತಲಿಲ್ಲ. ಬಂಗಡೆ ಈ ಸಲ ಕಡಿಮೆ ಎಂದು ಮಾತಾಡಿದರು. ಕೈ ತೊಳೆದು ಬಂದ ಬಚ್ಚ ಶೇರಿಗಾರರಿಗೆ ನಾಗನ ಹೆಂಡತಿ ಜಗಲಿಯಲ್ಲಿ ಚಾಪೆ ಹಾಸಿಕೊಟ್ಟಳು. ಎರಡು ಗಂಟೆಯ ಬಸ್ಸಿಗೆ ಎಬ್ಬಿಸಲು ಹೇಳಿ ಮಲಗಿದರು. ಬಸ್ಸು ಬಂದು ಹೋಯಿತು. ನಿದ್ದೆ ಹತ್ತಿದವರನ್ನು ನಾಗ ಎಬ್ಬಿಸಲಿಲ್ಲ.